ಬಾವಿಯ ತಳದ ಕುದುರೆ

ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಷ್ಟು ವರ್ಷವೂ ನನ್ನ ಕೈಯಿಂದ ತಪ್ಪಾಗುವುದಿಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿದದ್ದು ಒಂದೇ ಒಂದು ಚೀಟಿಯಿಂದ. ಎರಡು ಕಣ್ಣೂ ಕಾಣದ ಒಬ್ಬರಿಗೆ ‘ಬಲಗಣ್ಣಿನ ದೃಷ್ಟಿ ಚೆನ್ನಾಗಿದೆ’ ಎಂದು ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿ ಕೊಟ್ಟಿದ್ದೆ.

ಎಂಬತ್ತರ ಆಚೀಚೆಯ ಮಾತು. ಕೋಲಾರದ ಸುತ್ತಮುತ್ತ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳ್ಳಿಹಳ್ಳಿಗೆ ಹೋಗಿ ಕಣ್ಣಿನ ಶಿಬಿರ ನಡೆಸುವ ತಂಡದಲ್ಲಿ ನಾನಿದ್ದೆ. ತಂಡ ಎಂದರೆ ಒಬ್ಬರು ಡಾಕ್ಟರು, ಜೀಪಿನ ಡ್ರೈವರು ಮತ್ತು ನಾನು. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಕಣ್ಣು ನೋಡಿ, ಆಪರೇಷನ್ ಬೇಕಾದವರನ್ನು ಆರಿಸಿಡುವುದು ನನ್ನ ಪಾಲು. ನನಗಾಗ ಇಪ್ಪತ್ತೇಳು ವರ್ಷ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಾಲು ತಪ್ಪಿ ನಿಂತವರಿಗೂ ಬೈಗುಳ, ಹೇಳಿದ್ದು ತಿಳಿಯದವರಿಗೂ ಬೈಗುಳ.

ಆ ಊರು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿತ್ತು. ಅಲ್ಲಿನ ಜನ ಒಂದೇ ಉಸಿರಿನಲ್ಲಿ ಕನ್ನಡದಿಂದ ತೆಲುಗಿಗೆ ಹಾರಿ ಮತ್ತೆ ಕನ್ನಡಕ್ಕೆ ಬಂದುಬಿಡುತ್ತಿದ್ದರು. ಶಾಲೆಯ ಗೋಡೆಗೆ ನನ್ನ ಪಟ ನೇತುಹಾಕಿದ್ದೆ. ಓದು ಬಾರದವರಿಗೆಂದೇ ಮಾಡಿದ ಪಟ ಅದು. ಅದರಲ್ಲಿ ಅಕ್ಷರಗಳಿಲ್ಲ, ಮೂರು ಹಲ್ಲಿನ ಬಾಚಣಿಗೆಯಂಥ ಗುರುತು ಮಾತ್ರ. ಹಲ್ಲು ಯಾವ ಕಡೆಗಿದೆಯೋ ಆ ಕಡೆಗೆ ಬೆರಳು ತೋರಿಸಬೇಕು. ಮೇಷ್ಟರ ಬೆತ್ತ ಈಸಿಕೊಂಡು ನಾನು ಒಂದೊಂದೇ ಗುರುತಿನ ಮೇಲೆ ತಟ್ಟುತ್ತಿದ್ದೆ. ತಪ್ಪು ತೋರಿಸಿದರೆ “ಮೇಲೆ ಅಲ್ಲ, ಎಡಕ್ಕೆ, ಎಡಕ್ಕೆ ನೋಡ್ರಿ” ಎಂದು ಕೂಗುತ್ತಿದ್ದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅದೇ ಪಟ, ಅದೇ ಕ್ರಮ, ಅದೇ ಕೂಗು.

ಕೊನೆಯಲ್ಲಿ ಉಳಿದವರು ಒಬ್ಬ ತಾತ. ಐವತ್ತೈದೋ ಅರವತ್ತೋ ಇರಬೇಕು. ಅಗಲ ಎದೆ, ನೀರಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕಾದ ಬೆರಳುಗಳು, ಕೆಂಪಾದ ಕಣ್ಣು. ಎಡಗಣ್ಣಿನ ಕಪ್ಪುಗುಡ್ಡೆ ಪೂರ್ತಿ ಬಿಳಿಯಾಗಿತ್ತು. ಅವರ ಹೆಂಡತಿ ಒಂದು ಹೆಜ್ಜೆ ಮುಂದೆ ವಟವಟ ಮಾತಾಡುತ್ತಲೇ ಬಂದರು. ಈ ಅಜ್ಜಿಗೆ ಬಾಯಿ ಮುಚ್ಚುವ ಅಭ್ಯಾಸವೇ ಇಲ್ಲವೇನೋ ಎಂದುಕೊಂಡೆ. ಎಡಗಣ್ಣು ಹೋಗಿ ವರ್ಷಗಳಾದವು, ಬಲಗಣ್ಣಿಗೆ ಒಂದು ಚೀಟಿ ಬೇಕು ಎಂದರು ತಾತ. ಯಾಕೆಂದು ಕೇಳಿದ್ದಕ್ಕೆ, ಬಾವಿಗೆ ಇಳಿಯುವುದು ತಮ್ಮ ಕೆಲಸವೆಂದೂ, ಕಣ್ಣು ಸರಿಯಿದೆ ಎಂಬ ಚೀಟಿ ತಂದರೆ ಮಾತ್ರ ಇನ್ನು ಮುಂದೆ ಇಳಿಸುವುದಾಗಿ ಪಂಚಾಯಿತಿ ಛೇರ್ಮನ್ನರು ಹೇಳಿದ್ದಾರೆಂದೂ ತಿಳಿಸಿದರು. ಛೇರ್ಮನ್ನರು ಎದುರಿಗೆ ಬಂದರೂ ತಾತ ಒಂದು ದಿನ ನಮಸ್ಕಾರ ಹಾಕದೆ ಹೋಗಿದ್ದರಂತೆ. ಊರಲ್ಲಿ ಅನುಮಾನ ಹುಟ್ಟಿದ್ದು ಅಲ್ಲಿಂದ.

ನಾನು ಬೆತ್ತ ತಟ್ಟಿದೆ. ತಾತ ಬೆರಳು ತೋರಿಸಿದರು. ಸರಿಯಾಗಿತ್ತು. ಮುಂದಿನದಕ್ಕೂ ಸರಿ, ಅದರ ಮುಂದಿನದಕ್ಕೂ ಸರಿ. ಕೊನೆಯ ಸಾಲಿನವರೆಗೆ ಒಂದೂ ತಪ್ಪಲಿಲ್ಲ. ಬೆಳಗ್ಗೆಯಿಂದ ತಡವರಿಸುವವರನ್ನೇ ನೋಡಿ ಬೇಸತ್ತಿದ್ದ ನನಗೆ ಖುಷಿಯೋ ಖುಷಿ. ಪಟ ಪೂರ್ತಿ ಓದಿದವರ ಕಣ್ಣಿಗೆ ಟಾರ್ಚು ಯಾಕೆ ಬಿಡಬೇಕು ಎಂದುಕೊಂಡು ಚೀಟಿ ಬರೆದುಕೊಟ್ಟೆ.

ಮರುದಿನ ಹೊರಡುವ ಮುಂಚೆ ಕೈಕಾಲು ತೊಳೆಯಲು ಊರಿನ ದೊಡ್ಡ ಬಾವಿಗೆ ಹೋದೆ. ಚೌಕಾಕಾರದ ಬಾವಿ, ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಕೆಳಗೆ ಹಸಿರುಗಪ್ಪು ನೀರು. ಕಟ್ಟೆಯ ಮೇಲಿಂದ ಬಗ್ಗಿ ನೋಡುವಾಗ ಸೊಂಟದಲ್ಲಿ ಸೀರೆಗೆ ಸಿಕ್ಕಿಸಿಕೊಂಡಿದ್ದ ಬೀಗದ ಕೈ ಜಾರಿ ಬಿತ್ತು. ಅದು ಗಾಜಿನ ಬಿಲ್ಲೆಗಳ ಪೆಟ್ಟಿಗೆಯ ಬೀಗದ ಕೈ. ಪೆಟ್ಟಿಗೆ ತೆರೆಯದಿದ್ದರೆ ಮುಂದಿನ ಊರಿನಲ್ಲಿ ಯಾರ ಕಣ್ಣಿಗೂ ಕನ್ನಡಕ ಹೊಂದಿಸುವಂತಿಲ್ಲ. ಯಾರೋ ಪಾತಾಳಗರಡಿ ತಂದು ಕೊಕ್ಕೆಗಳನ್ನು ನೀರಿಗಿಳಿಸಿ ಜಾಲಾಡಿದರು. ಬಿಂದಿಗೆಯಾದರೆ ಕೊಕ್ಕೆಗೆ ಸಿಗುತ್ತದೆ, ಕಿರುಬೆರಳಿನಷ್ಟಿದ್ದ ನನ್ನ ಬೀಗದ ಕೈ ಎಲ್ಲಿ ಸಿಗಬೇಕು! ತಾತನಿಗೆ ಹೇಳಿಕಳಿಸಿದರು.

ತಾತ ಅಜ್ಜಿಯ ಜೊತೆ ಬಂದವರೇ, ಬಿದ್ದಾಗ ಎಲ್ಲಿ ನಿಂತಿದ್ದೆ ಎಂದು ಕೇಳಿದರು. ಅಲ್ಲೇ ನಿಂತು ಬೀಗದ ಕೈಯಷ್ಟೇ ತೂಕದ ಒಂದು ಕಲ್ಲನ್ನು ನೀರಿಗೆ ಹಾಕು ಎಂದರು. ಹಾಕಿದೆ. ಅವರು ತಲೆ ವಾಲಿಸಿ ಸದ್ದು ಕೇಳಿದರು. ಇನ್ನೊಂದು ಹಾಕಿಸಿದರು, ಅದನ್ನೂ ಕೇಳಿದರು. ಆಮೇಲೆ ಮೆಟ್ಟಿಲಿಳಿದು, ಒಂದು ಗುಂಡುಕಲ್ಲನ್ನು ಎದೆಗೆ ಅವಚಿಕೊಂಡು ಮುಳುಗಿದರು. ಆ ಕಲ್ಲಿನ ಭಾರಕ್ಕೆ ಬೇಗ ತಳ ಮುಟ್ಟುತ್ತಾರಂತೆ.

ನೀರು ಮುಚ್ಚಿಕೊಂಡಿತು. ಗುಳ್ಳೆಯೂ ಬರಲಿಲ್ಲ. ಮೂರಾಳು ಆಳ ಎಂದು ಪಕ್ಕದವರು ಹೇಳಿದರು. ಅಜ್ಜಿಯ ಕಡೆ ನೋಡಿದೆ. ವಟವಟ ಎನ್ನುತ್ತಿದ್ದ ಬಾಯಿ ಈಗ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಎದೆಯ ಹತ್ತಿರ ಹಿಡಿದ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನಿಂದ ಗೆಣ್ಣಿಗೆ ಓಡುತ್ತಿತ್ತು. ಒಕಟಿ, ರೆಂಡು, ಮೂಡು ಎಂದು ತೆಲುಗಿನಲ್ಲಿ ಎಣಿಸುತ್ತಿರುವುದು ತುಟಿಯಿಂದ ತಿಳಿಯುತ್ತಿತ್ತು. ಹನ್ನೆರಡು ಗೆಣ್ಣು ಮುಗಿದರೆ ಮತ್ತೆ ಮೊದಲಿನಿಂದ. ಐದು ಸುತ್ತು ಮುಗಿದು ಆರನೆಯದು ಶುರುವಾಯಿತು. ತಾತನ ತಲೆ ನೀರಿನಿಂದ ಮೇಲೆ ಬಂದ ತಕ್ಷಣ ಅಜ್ಜಿ ಕೈಯನ್ನು ಸೆರಗಿನೊಳಗೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ನಿಂತುಬಿಟ್ಟರು. ತಾತ ಹೀಗೆ ಮೂರು ಸಲ ಮುಳುಗಿದರು. ಮೂರು ಸಲವೂ ಅಜ್ಜಿ ಎಣಿಸಿದರು, ಮೂರು ಸಲವೂ ಕೈ ಬಚ್ಚಿಟ್ಟುಕೊಂಡರು. ಹೀಗೇಕೆ ಎಂದು ಮೆಲ್ಲಗೆ ಕೇಳಿದೆ.

“ಆಯಪ್ಪನಿಗೆ ಹೇಳ್ಬೇಡಮ್ಮ,” ಎಂದರು ಅಜ್ಜಿ. “ನಾನು ಮೇಲೆ ಎಣಿಸ್ಕೊಂಡು ನಿಂತಿರ್ತೀನಿ ಅಂತ ಗೊತ್ತಾದ್ರೆ ಮನಸ್ಸು ಇಲ್ಲೇ ಇರ್ತೈತೆ. ಮನಸ್ಸು ಮೇಲಿದ್ರೆ ಕೆಳಗೆ ಉಸಿರು ಸಾಲಲ್ಲ.”

ಮೂರನೆಯ ಸಲ ತಾತ ಬೀಗದ ಕೈ ಹಿಡಿದೇ ಬಂದರು. ಮೆಟ್ಟಿಲು ಹತ್ತುತ್ತಾ, ಕುದುರೆ ಕಾಲ ಹತ್ತಿರ ಸಿಕ್ಕಿತು ಎಂದರು. ಸುತ್ತ ನಿಂತವರು ನಕ್ಕರು. ಬಾವಿಯ ತಳದಲ್ಲಿ ಕಲ್ಲಿನ ಕುದುರೆ ಇದೆ, ಅದರ ಮೇಲೆ ಕತ್ತಿ ಎತ್ತಿದ ವೀರನಿದ್ದಾನೆ, ಹೊಟ್ಟೆಯ ಕೆಳಗೊಂದು ನಾಯಿ ಇದೆ ಎಂದು ತಾತ ಬಹಳ ವರ್ಷದಿಂದ ಹೇಳುತ್ತಿದ್ದರಂತೆ. ಬಾವಿ ಒಮ್ಮೆಯೂ ಬತ್ತಿರಲಿಲ್ಲ, ತಳವನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಊರಿಗೆ ಅದೊಂದು ತಮಾಷೆಯ ಮಾತಾಗಿತ್ತು.

ನಾನು ಖುಷಿಯಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಅವರ ಮುಂದೆಯೇ ಕೈ ಚಾಚಿದೆ. ತಾತ ಬೀಗದ ಕೈಯನ್ನು ನಾನು ಮೊದಲು ನಿಂತಿದ್ದ ಜಾಗದ ಕಡೆಗೆ ನೀಡಿದರು. ಅಲ್ಲಿ ಯಾರೂ ಇರಲಿಲ್ಲ. “ತಗೋ ಅಮ್ಮಯ್ಯ,” ಎಂದು ಖಾಲಿ ಗಾಳಿಗೆ ಹೇಳಿ ಕೈ ಚಾಚಿಕೊಂಡೇ ನಿಂತರು.

ಟಾರ್ಚು ತೆಗೆದು ಅವರ ಬಲಗಣ್ಣಿಗೆ ಬಿಟ್ಟೆ. ಮೂಗಿನ ಕಡೆಯಿಂದ ಮಾಂಸ ತೆವಳಿ ಬಂದಿತ್ತು, ಅದರ ಹಿಂದೆ ಪೊರೆ ಹಾಲಿನಂತೆ ಕಟ್ಟಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ಆ ಕಣ್ಣಿಗೆ ತಿಳಿಯುತ್ತಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಗೆ ಕರೆದುಕೊಂಡು ಹೋಗಿ ಇಬ್ಬರನ್ನೂ ಬೈದೆ. ಅಜ್ಜಿ ಸುಮ್ಮನೆ ಕೇಳಿಸಿಕೊಂಡು, ನಿನ್ನೆ ಬೆಳಗ್ಗೆಯಿಂದ ತಾತ ಶಾಲೆಯ ಕಿಟಕಿಯ ಪಕ್ಕ ಕೂತು ನನ್ನ ಕೂಗನ್ನೇ ಕೇಳುತ್ತಿದ್ದರೆಂದು ಹೇಳಿದರು. ಬೆತ್ತ ಎಷ್ಟನೆಯ ಸಲ ತಟ್ಟಿದಾಗ ಎಡ, ಎಷ್ಟನೆಯ ಸಲ ಮೇಲೆ ಎಂಬುದೆಲ್ಲ ಮಧ್ಯಾಹ್ನದ ಹೊತ್ತಿಗೆ ಅವರಿಗೆ ಬಾಯಿಪಾಠವಾಗಿತ್ತು. ಪಾಠ ಹೇಳಿಕೊಟ್ಟವಳು ನಾನೇ. ಅಜ್ಜಿಯ ವಟವಟವೂ ಆಗ ಅರ್ಥವಾಯಿತು. ಆ ದನಿಯ ಹಿಂದೆಯೇ ತಾತ ನಡೆಯುತ್ತಿದ್ದರು. ಕೈ ಬಚ್ಚಿಡುವುದು ಮಾತ್ರ ತಾತನಿಗೆ ಕಣ್ಣಿದ್ದ ಕಾಲದಿಂದ ಬಂದ ಅಭ್ಯಾಸವಂತೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಿಜ ಹೇಳುತ್ತೇನೆ, ನಾಚಿಕೆಗಿಂತ ಬೆರಗೇ ಹೆಚ್ಚಾಯಿತು. ಎರಡು ಕಲ್ಲಿನ ಸದ್ದು ಕೇಳಿ, ಮೂರಾಳು ನೀರಿನ ತಳದ ಕೆಸರಿನಲ್ಲಿ, ಕಣ್ಣಿಲ್ಲದ ಮನುಷ್ಯ ನನ್ನ ಬೀಗದ ಕೈ ಹುಡುಕಿ ತಂದಿದ್ದರು.

ಮುಂದಿನ ವಾರ ಡಾಕ್ಟರಿಗೆ ತೋರಿಸಿದೆ, ನನ್ನ ಚೀಟಿಯ ಕಥೆಯನ್ನೂ ಬಚ್ಚಿಡದೆ ಹೇಳಿದೆ. ಅವರು ಬೈಯಲಿಲ್ಲ, ತಾತನ ಕಣ್ಣನ್ನು ಬಹಳ ಹೊತ್ತು ನೋಡಿದರು. ತಾತ ಮೂವತ್ತು ವರ್ಷ ನೀರೊಳಗೆ ಕಣ್ಣು ಬಿಟ್ಟುಕೊಂಡೇ ಕೆಲಸ ಮಾಡಿದ್ದರು. ಪಂಪಿನ ಕೊಳವೆಯ ಬಾಯಲ್ಲಿರುವ ಫುಟ್‌ವಾಲ್ವಿಗೆ ಸಿಕ್ಕಿದ ಪಾಚಿ ಬಿಡಿಸುವುದು, ಬಿದ್ದ ಬಿಂದಿಗೆ ತೆಗೆಯುವುದು, ಒಮ್ಮೊಮ್ಮೆ ಬಿದ್ದ ಮನುಷ್ಯರನ್ನೂ ತರುವುದು. ಆ ಕೊನೆಯದರ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದ ದಿನವೂ ಕರೆದರೆ ಇಳಿಯುತ್ತಿದ್ದರು. ಎಡಗಣ್ಣಿಗೆ ಮರಳು ಗೀರಿ ಹುಣ್ಣಾದಾಗ ನಂದಿಬಟ್ಟಲ ಹೂವಿನ ರಸ ಬಿಟ್ಟುಕೊಂಡು ಕೂತಿದ್ದರು. ಹುಣ್ಣು ಮಾದು ಗುಡ್ಡೆಯೇ ಬೆಳ್ಳಗಾಗಿತ್ತು. ನೀರಿಗೆ ಇಳಿದದ್ದರಿಂದಲೇ ಪೊರೆ ಬಂತೆಂದು ಹೇಳಲಾಗದು, ಅದು ವಯಸ್ಸಿಗೂ ಬರುತ್ತದೆ, ಆದರೆ ಮರಳು, ಪೌಡರು, ನೀರಿನ ಮೇಲಿನ ಬಿಸಿಲು ಸೇರಿ ಈ ಕಣ್ಣನ್ನು ವರ್ಷವರ್ಷವೂ ಸವೆಸಿವೆ ಎಂದರು ಡಾಕ್ಟರು. ಎಡಗಣ್ಣಿಗೆ ಮಾಡುವಂಥದ್ದು ಏನೂ ಇಲ್ಲ. ಬಲಗಣ್ಣಿನ ಪೊರೆ ತೆಗೆದರೆ ಕಾಣಬಹುದು. ಆದರೆ ಆಮೇಲೆ ಜನ್ಮದಲ್ಲಿ ನೀರಿಗೆ ಮುಳುಗುವ ಹಾಗಿಲ್ಲ.

ಡಾಕ್ಟರು ಹೇಳಿದ ಕೊನೆಯ ಮಾತಿಗೆ ತಾತ ಎದ್ದು ನಿಂತರು.

“ಮೇಲಿದ್ರೆ ನಾನು ಕುರುಡ ಅಮ್ಮಯ್ಯ,” ಎಂದು ನನಗೆ ಹೇಳಿದರು. “ನೀರಲ್ಲಿ ಅಲ್ಲ. ಅಲ್ಲಿ ಕಣ್ಣಿರೋರೂ ಒಂದೇ, ನಾನೂ ಒಂದೇ. ಅದನ್ನ ಬಿಟ್ಟು ಈ ಕಣ್ಣು ತಗೊಂಡು ಏನ್ ಮಾಡ್ಲಿ?”

ಆದರೆ ಕೊಟ್ಟ ಚೀಟಿಯನ್ನು ವಾಪಸು ತೆಗೆದುಕೊಳ್ಳದೆ ಗತಿಯಿರಲಿಲ್ಲ. ಛೇರ್ಮನ್ನರ ಮನೆಗೆ ನಾನೇ ಹೋಗಿ, ನಾನು ಬರೆದದ್ದು ತಪ್ಪು ಎಂದು ಹೇಳಿ ಬಂದೆ. ಅಂದಿನಿಂದ ತಾತನನ್ನು ಯಾವ ಬಾವಿಗೂ ಕರೆಯಲಿಲ್ಲ. ತಾತ ನನ್ನ ಜೊತೆ ಮಾತು ಬಿಟ್ಟರು. ಆ ಊರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಕೂತಿರುತ್ತಿದ್ದರು, ನನ್ನ ದನಿ ಕೇಳಿದರೆ ಮುಖ ತಿರುಗಿಸುತ್ತಿದ್ದರು. ಕಣ್ಣೂ ಇಲ್ಲ, ನೀರೂ ಇಲ್ಲ ಎಂಬ ಹಾಗೆ ಮಾಡಿ ಕೂರಿಸಿದವಳು ನಾನೇ ತಾನೆ?

ಚಳಿಗಾಲದ ಕೊನೆಗೆ ಊರಿನವರು ಒಂದು ತೀರ್ಮಾನಕ್ಕೆ ಬಂದರು. ಬಾವಿಯ ತಳದಲ್ಲಿ ಹೂಳು ತುಂಬಿ ಪಂಪು ಕೆಸರನ್ನೇ ಎಳೆಯುತ್ತಿತ್ತು. ಬೇಸಿಗೆಯಲ್ಲಿ ಎರಡು ಡೀಸೆಲ್ ಎಂಜಿನ್ ಇಟ್ಟು ನೀರನ್ನೆಲ್ಲ ಎತ್ತಿ ಹೊರಹಾಕಿ, ಹೂಳು ತೆಗೆಯುವುದೆಂದು ಮಾತಾಯಿತು. ಅದಾದ ಮೂರನೆಯ ದಿನ ತಾತ ಅಜ್ಜಿಯ ದನಿಯ ಹಿಂದೆಯೇ ಬಸ್ಸು ಹತ್ತಿ ಕೋಲಾರಕ್ಕೆ ಬಂದರು. ನನ್ನ ಮೇಜಿನ ಮುಂದೆ ನಿಂತು, ಬಾವಿ ಬರಿದಾಗುವ ಹೊತ್ತಿಗೆ ಕಣ್ಣು ಬರುತ್ತದೆಯೇ ಎಂದು ಕೇಳಿದರು. ಯಾಕೆ ಕೇಳುತ್ತಿದ್ದಾರೆಂದು ನನಗೆ ತಕ್ಷಣ ಹೊಳೆಯಲಿಲ್ಲ.

“ಕುದುರೆ ನೋಡ್ಬೇಕಮ್ಮ,” ಎಂದರು. “ಒಂದ್ಸಲ. ಆಮೇಲೆ ನೀರು ಬ್ಯಾಡ ಅಂದ್ರೂ ಸರಿ.”

ಆಪರೇಷನ್ ಆಯಿತು. ಆಗಿನ ಕಾಲದಲ್ಲಿ ಪೊರೆ ತೆಗೆದವರನ್ನು ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ಅಲ್ಲಾಡದಂತೆ ಮಲಗಿಸುತ್ತಿದ್ದರು. ಕೆಮ್ಮುವಂತಿಲ್ಲ, ನಗುವಂತಿಲ್ಲ, ಮಗ್ಗುಲಾಗುವಂತಿಲ್ಲ. ಬೇರೆಯವರೆಲ್ಲ ಒಂದೇ ದಿನಕ್ಕೆ ಗೋಳಾಡಿ ನನ್ನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದರೆ, ತಾತ ಮಾತ್ರ ಮಲಗಿಸಿದ ಹಾಗೆ ಇದ್ದರು. ಹತ್ತಿರ ಹೋಗಿ ಎದೆ ನೋಡಿದರಷ್ಟೇ ಉಸಿರಾಡುತ್ತಿದ್ದಾರೆಂದು ತಿಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಇಂಥ ರೋಗಿಯನ್ನು ಕಂಡಿಲ್ಲ ಎಂದು ಡಾಕ್ಟರು ಬೆರಗಾದರು. ನನಗೆ ಆ ಮಂಚವೇ ಬಾವಿಯ ತಳದ ಹಾಗೆ ಕಂಡಿತು.

ಆರು ವಾರದ ಮೇಲೆ ದಪ್ಪ ಗಾಜಿನ ಕನ್ನಡಕ ಹೊಂದಿಸಲು ಕೂರಿಸಿದೆ. ಬೆತ್ತ ಪಟಕ್ಕೆ ತಾಗುವ ಮೊದಲೇ ತಾತನ ಬೆರಳು ಎಡಕ್ಕೆ ಹೋಯಿತು. ಪಟವನ್ನು ಈ ಸಲ ತಲೆಕೆಳಗಾಗಿ ನೇತುಹಾಕಿದ್ದೇನೆ ಎಂದೆ. ತಾತ ನಕ್ಕರು, ಆರು ತಿಂಗಳ ಮೇಲೆ ನನ್ನ ಮುಂದೆ ನಕ್ಕದ್ದು ಅದೇ ಮೊದಲು. ಆಮೇಲೆ ನಿಧಾನವಾಗಿ, ಗಾಜಿನ ಹಿಂದೆ ಕಣ್ಣು ಕಿರಿದು ಮಾಡಿ, ನಾಲ್ಕು ಸಾಲು ನಿಜವಾಗಿಯೂ ಓದಿದರು. ನಾನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಬಾವಿಯ ನೀರು ಖಾಲಿಯಾಗಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಗ್ಗೆ ನಾನೂ ಹೋದೆ. ಕಟ್ಟೆಯ ಸುತ್ತ ಊರಿಗೆ ಊರೇ ನಿಂತಿತ್ತು. ತಾತ ನನ್ನ ತೋಳು ಹಿಡಿದು ಮೆಟ್ಟಿಲಿಳಿದರು. ಆ ಗಾಜಿನಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಕಣ್ಣು ಕಾಣದೆ ಎಷ್ಟೋ ಸಲ ಇಳಿದ ಮೆಟ್ಟಿಲುಗಳಲ್ಲಿ ಅವರು ಕಣ್ಣು ಬಿಟ್ಟುಕೊಂಡು ಎರಡು ಸಲ ಎಡವಿದರು.

ತಳದಲ್ಲಿ ಮೊಣಕಾಲು ಮಟ್ಟದ ಕೆಸರು. ಪೂರ್ವದ ಗೋಡೆಯ ಬುಡದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಬಾವಿ ಕಟ್ಟಿದವರು ಯಾವುದೋ ಹಳೆಯ ವೀರಗಲ್ಲನ್ನು ತಂದು ಅಡಿಪಾಯಕ್ಕೆ ಇಟ್ಟಿದ್ದರು. ಒಂದು ಕೊಡ ನೀರು ಹೊಯ್ದು ತೊಳೆದೆ. ಕುದುರೆ ಎದ್ದು ಬಂತು. ಮುಂಗಾಲು ಎತ್ತಿದ ಕುದುರೆ, ಮೇಲೆ ಕತ್ತಿ ಹಿಡಿದ ವೀರ. ಮೇಲೆ ನಿಂತು ಇನ್ನೂ ತಮಾಷೆ ಮಾಡುತ್ತಿದ್ದವರ ನಗು ಪೂರ್ತಿ ನಿಂತಿತು. ಛೇರ್ಮನ್ನರು ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

ತಾತ ಮಾತ್ರ ಕಲ್ಲನ್ನು ನೋಡಿ, ಪಕ್ಕದ ಗೋಡೆ ನೋಡಿ, ಮತ್ತೆ ಕಲ್ಲಿಗೆ ಬಂದರು. ಇದಲ್ಲ ಎಂದರು. ತಮ್ಮ ಕುದುರೆ ಇನ್ನೂ ದೊಡ್ಡದು, ಅದಕ್ಕೊಂದು ನಾಯಿ ಇದೆ, ಇಲ್ಲಿ ನಾಯಿ ಎಲ್ಲಿ ಎಂದರು. ನಾನು ಬಗ್ಗಿ ನೋಡಿದೆ. ಕುದುರೆಯ ಹೊಟ್ಟೆಯ ಕೆಳಗೆ ಕಲ್ಲು ಸವೆದು ನುಣುಪಾಗಿತ್ತು. ನಾಯಿ ಇರಲಿಲ್ಲ. ಮೂವತ್ತು ವರ್ಷ ಮನಸ್ಸಿನಲ್ಲಿ ಹೊತ್ತ ಕುದುರೆಯನ್ನು ನೋಡಲೆಂದು ನೀರನ್ನೇ ಬಿಟ್ಟುಕೊಟ್ಟ ಮನುಷ್ಯನಿಗೆ ಇನ್ನು ಏನು ಹೇಳಲಿ?

ತಾತ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿ, ಕಲ್ಲಿನ ಮೇಲೆ ಕೈಯಿಟ್ಟರು. ಮುಖ ಸಡಿಲವಾಯಿತು. ನನ್ನ ಬೆರಳು ಹಿಡಿದು, ನನಗೂ ಕಣ್ಣು ಮುಚ್ಚಲು ಹೇಳಿ, ಕುದುರೆಯ ಹೊಟ್ಟೆಯ ಕೆಳಗೆ ಇರಿಸಿದರು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಬೆರಳ ತುದಿಗೆ ಒಂದು ಸಣ್ಣ ಏರು ಸಿಕ್ಕಿತು, ಅದು ಕಿವಿ. ಅಲ್ಲಿಂದ ಇಳಿದರೆ ಬೆನ್ನು, ಬೆನ್ನಿನ ಕೊನೆಗೆ ಸುರುಳಿ ಬಾಲ. ಕಣ್ಣು ಬಿಟ್ಟೆ, ನಾಯಿ ಇಲ್ಲ. ಮುಚ್ಚಿದೆ, ಇದೆ. ಅದೆಷ್ಟೋ ಕಾಲದಿಂದ ನೀರು ಸವೆಸಿ, ಕಣ್ಣಿಗೆ ಸಿಗದಷ್ಟು ಮಾಡಿದ ನಾಯಿಯನ್ನು ಈ ಮನುಷ್ಯ ಉಸಿರು ಬಿಗಿಹಿಡಿದು, ಕತ್ತಲಲ್ಲಿ, ಬೆರಳಿನಿಂದ ಕಂಡಿದ್ದರು. ನಾನು ಕೆಸರಿನಲ್ಲೇ ಕೈ ಮುಗಿದೆ.

ತಾತ ಕನ್ನಡಕ ಹಾಕಿಕೊಂಡು, ಎಲ್ಲರಿಗೂ ಹೇಳೋಣವೆಂದೇನೋ ತಲೆ ಎತ್ತಿದರು. ಬಾವಿಯ ತಳದಿಂದ ಅವರು ಮೇಲೆ ನೋಡಿದ್ದು ಅದೇ ಮೊದಲು. ಚೌಕ ಆಕಾಶ, ಸುತ್ತ ಮುಖಗಳು. ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತಿದ್ದ ಅಜ್ಜಿಯ ಮೇಲೆ ಅವರ ಕಣ್ಣು ನಿಂತಿತು.

“ಅವಳು ಕೈಯಲ್ಲಿ ಏನ್ ಮಾಡ್ತಾವ್ಳೆ?” ಎಂದು ಕೇಳಿದರು.

ಹೇಳಬೇಡ ಎಂದು ಅಜ್ಜಿ ಹೇಳಿದ್ದರು. ಆದರೆ ಕಣ್ಣು ಬಂದವರಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. “ಎಣಿಸ್ತಿದ್ದಾರೆ ತಾತ. ನೀವು ಕೆಳಗೆ ಇಳಿದಾಗಲೆಲ್ಲ ಎಣಿಸ್ತಾರೆ.”

“ನೀರೇ ಇಲ್ವಲ್ಲಮ್ಮ ಈವತ್ತು.”

ತಾತ ಕಲ್ಲಿನ ಕಡೆ ಮತ್ತೆ ನೋಡಲಿಲ್ಲ. “ಬಂದೆ ಕಣೇ,” ಎಂದು ಮೇಲಕ್ಕೆ ಕೂಗಿ ಹೇಳಿ, ಮೆಟ್ಟಿಲಿಗೆ ಕಾಲಿಟ್ಟರು. ಅಜ್ಜಿ ಎಣಿಸುವುದನ್ನು ನಿಲ್ಲಿಸಲಿಲ್ಲ. ಈ ಸಲ ಕೈ ಸೆರಗಿನೊಳಗೆ ಹೋಗಲೂ ಇಲ್ಲ. ತಾತ ಒಂದೊಂದು ಮೆಟ್ಟಿಲಿಗೂ ನಿಂತು, ಆ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹೋಗುವುದನ್ನೇ ನೋಡುತ್ತಾ ಹತ್ತಿದರು.